ರಾಷ್ಟ್ರೀಯ ವಿಜ್ಞಾನ ಪುರಸ್ಕಾರ: ಬೆಳೆಗಾರರಿಗೂ ಅದರಲ್ಲಿ ಪಾಲುಂಟೆ?



ಕಳೆದ ಮಳೆಗಾಲಕ್ಕೆ ಮುಂಚೆ, ಗೋದಾಮಿನಲ್ಲಿ ಮೈಲುತುತ್ತಿನ ಚೀಲಗಳನ್ನು ಇಳಿಸುತ್ತಿದ್ದಾಗ ನಮ್ಮ ಹಿರಿಯ ಸದಸ್ಯರೊಬ್ಬರು ಹಳೆಯ ಪತ್ರಿಕೆಯೊಂದನ್ನು ಹಿಡಿದು ಬಂದರು. ರಾಷ್ಟ್ರಪತಿಗಳು ವಿಜ್ಞಾನಿಗಳಿಗೆ ಪದಕ ಕೊಡುತ್ತಿರುವ ಚಿತ್ರ ಅದರಲ್ಲಿತ್ತು. "ಚಂದ್ರನ ಮೇಲೆ ಇಳಿದವರಿಗೆ ಪದಕ ಕೊಟ್ಟದ್ದು ಸಂತೋಷವೇ. ಆದರೆ ಇಷ್ಟು ಹೆಸರುಗಳ ಪೈಕಿ ಅಡಿಕೆ ಮರ, ಕಾಫಿ ಗಿಡ ಮುಟ್ಟಿದವರು ಒಬ್ಬರಾದರೂ ಇದ್ದಾರೆಯೆ? ನೋಡಿ ಹೇಳಿ" ಎಂದರು. ಅರ್ಧ ತಮಾಷೆ, ಅರ್ಧ ಅಸಮಾಧಾನ. ಅವರ ತೋಟದ ಮುಕ್ಕಾಲು ಭಾಗ ಹಳದಿ ಎಲೆ ರೋಗಕ್ಕೆ ಹೋಗಿದೆ ಎಂಬುದು ನಮಗೆಲ್ಲ ಗೊತ್ತಿದ್ದುದರಿಂದ ನಾವು ನಗಲಿಲ್ಲ. ಅಂದಿನಿಂದ ವಿಚಾರಿಸಿ ತಿಳಿದುಕೊಂಡದ್ದನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ಈ ಪುರಸ್ಕಾರದ ಹೆಸರು ಹೊಸದು, ಬೇರು ಹಳೆಯದು. ನಮ್ಮ ದೇಶದಲ್ಲಿ ವಿಜ್ಞಾನಕ್ಕೆ ದೊಡ್ಡ ಮನ್ನಣೆಯೆಂದರೆ ಬಹುಕಾಲ ಭಟ್ನಾಗರ್ ಪ್ರಶಸ್ತಿಯೇ ಆಗಿತ್ತು. ಶಾಂತಿ ಸ್ವರೂಪ ಭಟ್ನಾಗರ್ ಅವರು 1942ರಲ್ಲಿ ಹುಟ್ಟಿದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಮೊದಲ ನಿರ್ದೇಶಕರು. ದೇಶದ ಉದ್ದಗಲಕ್ಕೂ ಪ್ರಯೋಗಾಲಯಗಳನ್ನು ಕಟ್ಟಿಸಿದವರು. ಅವರ ವಿಷಯದಲ್ಲಿ ಬೆಳೆಗಾರರಿಗೆ ರುಚಿಸುವ ಒಂದು ಸಂಗತಿ ಉಂಟು. ಸ್ವಾತಂತ್ರ್ಯಕ್ಕೆ ಮುಂಚೆ, ಅವರು ಲಾಹೋರಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಎಣ್ಣೆ ಬಾವಿ ಕೊರೆಯುವ ಒಂದು ಕಂಪನಿಗೆ ತೊಂದರೆ ಬಂತು. ಕೊರೆಯಲು ಬಳಸುವ ಕೆಸರು ನೆಲದಡಿಯ ಉಪ್ಪುನೀರು ತಾಗಿದ ಕೂಡಲೆ ಗಟ್ಟಿಯಾಗಿ ಕೆಲಸ ನಿಂತುಹೋಗುತ್ತಿತ್ತು. ಭಟ್ನಾಗರರು ಮರದ ಅಂಟನ್ನು ಬೆರೆಸಿ ನೋಡಿ ಎಂದರು. ಕೆಸರು ಹದಕ್ಕೆ ಬಂತು. ಕಂಪನಿ ಒಂದೂವರೆ ಲಕ್ಷ ರೂಪಾಯಿ ಕೊಡಲು ಬಂದಾಗ ಅವರು ಅದನ್ನು ಸ್ವಂತಕ್ಕೆ ಮುಟ್ಟದೆ ವಿಶ್ವವಿದ್ಯಾಲಯದ ಸಂಶೋಧನೆಗೆ ಹಾಕಿಸಿದರು. ಆ ಕಾಲದ ಒಂದೂವರೆ ಲಕ್ಷ ಎಂದರೆ ಎಷ್ಟೆಂಬುದನ್ನು ಅಜ್ಜಂದಿರ ಲೆಕ್ಕದ ಪುಸ್ತಕ ಇಟ್ಟುಕೊಂಡಿರುವ ಸದಸ್ಯರು ಊಹಿಸಬಲ್ಲರು.

1955ರ ಜನವರಿ 1ರಂದು ಅವರು ತೀರಿಕೊಂಡರು. 1957ರಲ್ಲಿ ಅವರ ಹೆಸರಿನ ಪ್ರಶಸ್ತಿ ಸ್ಥಾಪನೆಯಾಗಿ, 1958ರಲ್ಲಿ ಮೊದಲ ಬಾರಿಗೆ ಭೌತವಿಜ್ಞಾನಿ ಕೆ.ಎಸ್. ಕೃಷ್ಣನ್ ಅವರಿಗೆ ಸಂದಿತು. ನಮ್ಮವರೇ ಆದ ಸಿ.ಎನ್.ಆರ್. ರಾವ್ ಅವರಿಗೆ 1968ರಲ್ಲಿ ಬಂತು. ಈ ಪ್ರಶಸ್ತಿಗೆ ಎರಡು ಕಟ್ಟುಪಾಡುಗಳಿದ್ದವು. ಒಂದು, ವಯಸ್ಸು 45 ಮೀರಿರಬಾರದು. ಇನ್ನೊಂದು, ಜೀವವಿಜ್ಞಾನ, ರಸಾಯನ, ಭೂವಿಜ್ಞಾನ, ಇಂಜಿನಿಯರಿಂಗ್, ಗಣಿತ, ವೈದ್ಯ, ಭೌತವಿಜ್ಞಾನ ಎಂಬ ಏಳು ವಿಭಾಗಗಳಲ್ಲಿ ಯಾವುದಾದರೊಂದರಲ್ಲಿ ಸೇರಬೇಕು. ಕೃಷಿ ಎಂಬ ವಿಭಾಗವೇ ಅದರಲ್ಲಿರಲಿಲ್ಲ. ಎಂ.ಎಸ್. ಸ್ವಾಮಿನಾಥನ್ ಅವರಿಗೆ 1961ರಲ್ಲಿ ಈ ಪ್ರಶಸ್ತಿ ಬಂದಾಗಲೂ ಅವರು ಜೀವವಿಜ್ಞಾನದ ಬಾಗಿಲಿನಿಂದಲೇ ಒಳಗೆ ಹೋಗಬೇಕಾಯಿತು. ದೇಶಕ್ಕೆ ಅನ್ನ ಕೊಟ್ಟ ವಿದ್ಯೆಗೆ ಸ್ವಂತ ಬಾಗಿಲಿಲ್ಲದೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು.

2022ರಲ್ಲಿ ಕೇಂದ್ರ ಸರ್ಕಾರ ತನ್ನ ಬೇರೆ ಬೇರೆ ವಿಜ್ಞಾನ ಇಲಾಖೆಗಳು ಕೊಡುತ್ತಿದ್ದ ಬಹುಪಾಲು ಪ್ರಶಸ್ತಿಗಳನ್ನು ಕೈಬಿಡಲು ತೀರ್ಮಾನಿಸಿತು. 2023ರ ಸೆಪ್ಟೆಂಬರಿನಲ್ಲಿ ಅವುಗಳ ಜಾಗದಲ್ಲಿ ರಾಷ್ಟ್ರೀಯ ವಿಜ್ಞಾನ ಪುರಸ್ಕಾರವನ್ನು ಪ್ರಕಟಿಸಿತು. ಪದ್ಮ ಪ್ರಶಸ್ತಿಗಳ ಹಾಗೆ ಇದರಲ್ಲಿ ಮೆಟ್ಟಿಲುಗಳಿವೆ. ಜೀವಮಾನದ ಸಾಧನೆಗೆ ವಿಜ್ಞಾನ ರತ್ನ, ವಿಶಿಷ್ಟ ಕೊಡುಗೆಗೆ ವಿಜ್ಞಾನ ಶ್ರೀ, 45 ವರ್ಷದೊಳಗಿನವರಿಗೆ ವಿಜ್ಞಾನ ಯುವ (ಭಟ್ನಾಗರರ ಹೆಸರು ಈಗ ಇದರೊಡನೆ ಸೇರಿದೆ), ಮೂರು ಅಥವಾ ಹೆಚ್ಚು ಜನ ಕೂಡಿ ಮಾಡಿದ ಕೆಲಸಕ್ಕೆ ವಿಜ್ಞಾನ ತಂಡ. ಒಂದು ವರ್ಷಕ್ಕೆ ಗರಿಷ್ಠ 56. ಸನ್ನದು ಮತ್ತು ಪದಕ ಕೊಡುತ್ತಾರೆ. ಭಟ್ನಾಗರ್ ಪ್ರಶಸ್ತಿಯೊಡನೆ ಬರುತ್ತಿದ್ದ ಐದು ಲಕ್ಷ ರೂಪಾಯಿಯಂಥದು ಇದರಲ್ಲಿಲ್ಲ. ಹದಿಮೂರು ವಿಭಾಗಗಳಿದ್ದು, ಕೃಷಿ ವಿಜ್ಞಾನ ಎಂಬುದು ಈಗ ಅದರಲ್ಲೊಂದು. ನಮ್ಮ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಮೊದಲ ಪಟ್ಟಿ 2024ರ ಆಗಸ್ಟಿನಲ್ಲಿ ಹೊರಬಿತ್ತು. ಒಟ್ಟು 33. ಆ ತಿಂಗಳ 22ರಂದು ರಾಷ್ಟ್ರಪತಿ ಭವನದಲ್ಲಿ ದ್ರೌಪದಿ ಮುರ್ಮು ಅವರು ಪ್ರದಾನ ಮಾಡಿದರು. ತಂಡದ ಪದಕ ಚಂದ್ರಯಾನ-3ಕ್ಕೆ. ವಿಜ್ಞಾನ ರತ್ನ ಸಿಕ್ಕಿದ್ದು ಒಬ್ಬರಿಗೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದರಾಜನ್ ಪದ್ಮನಾಭನ್ ಅವರಿಗೆ. ಇವರ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ.

ಪದ್ಮನಾಭನ್ ಹುಟ್ಟಿದ್ದು 1938ರಲ್ಲಿ. ಇಂಜಿನಿಯರುಗಳ ಮನೆತನ. ತಾವೂ ಇಂಜಿನಿಯರಿಂಗ್ ಸೇರಿ, ಮನಸ್ಸು ಹತ್ತದೆ ಬಿಟ್ಟು ಬಂದು ರಸಾಯನಶಾಸ್ತ್ರ ಓದಿದರು. ಆಮೇಲೆ ಸ್ನಾತಕೋತ್ತರ ಪದವಿ ಮಾಡಿದ್ದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ, ಮಣ್ಣಿನ ರಸಾಯನದಲ್ಲಿ. ಅಂದರೆ ದೇಶದ ಮೊದಲ ವಿಜ್ಞಾನ ರತ್ನ ತನ್ನ ವಿದ್ಯೆಯನ್ನು ಮಣ್ಣು ಪರೀಕ್ಷೆಯಿಂದ ಆರಂಭಿಸಿದವರು. ಮಣ್ಣಿನ ಮಾದರಿ ತಂದುಕೊಡಿ ಎಂದು ನಾವು ವರ್ಷ ವರ್ಷವೂ ಬೇಡಿಕೊಂಡರೂ ತಾರದ ಸದಸ್ಯರು ಇದನ್ನು ಗಮನಿಸಬೇಕು! 1966ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಿಂದ ಜೀವರಸಾಯನದಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ನೆಲೆಸಿದರು. 1983ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. 1994ರಿಂದ 1998ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು.

ಅವರ ಹೆಸರು ಹೆಚ್ಚಾಗಿ ಕೇಳಿಬರುವುದು ಮಲೇರಿಯಾ ವಿಚಾರದಲ್ಲಿ. ಮಲೆನಾಡಿನವರಿಗೆ ಆ ಜ್ವರದ ಪರಿಚಯ ಮಾಡಿಸಬೇಕಾಗಿಲ್ಲ. ಮಲೇರಿಯಾ ಜೀವಿ ನಮ್ಮ ರಕ್ತದ ಕೆಂಪು ಕಣದೊಳಗೆ ಕುಳಿತು ಅಲ್ಲಿಯ ಹಿಮೋಗ್ಲೋಬಿನ್ನನ್ನೇ ತಿನ್ನುತ್ತದೆ. ಅದರಲ್ಲಿ ಹೀಮ್ ಎಂಬ ಕಬ್ಬಿಣದ ಅಂಶವುಳ್ಳ ಪದಾರ್ಥ ಬೇಕಾದಷ್ಟಿದೆ. ಇಷ್ಟಿದ್ದ ಮೇಲೆ ಆ ಜೀವಿ ಬೇರೆ ಹೀಮ್ ತಯಾರಿಸಿಕೊಳ್ಳಬೇಕಾದ ಅಗತ್ಯವಿಲ್ಲ ಎಂದೇ ಎಣಿಸಲು ತೋರುತ್ತದೆ. ಪದ್ಮನಾಭನ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ತೋರಿಸಿದ್ದು ಬೇರೆಯೇ: ಕಣಜ ತುಂಬ ಭತ್ತವಿದ್ದರೂ ಮನೆಯ ಹಿಂದೆ ತನ್ನದೇ ಗದ್ದೆ ಮಾಡಿಕೊಂಡವನಂತೆ, ಈ ಜೀವಿ ತನ್ನ ಹೀಮನ್ನು ತಾನೂ ತಯಾರಿಸಿಕೊಳ್ಳುತ್ತದೆ. ಸೊಳ್ಳೆಯ ಹೊಟ್ಟೆಯಲ್ಲಿ ಮತ್ತು ಮನುಷ್ಯನ ಯಕೃತ್ತಿನಲ್ಲಿ ಇರುವಾಗ ಆ ಸ್ವಂತ ತಯಾರಿಕೆ ಇಲ್ಲದೆ ಅದು ಬೆಳೆಯಲಾರದು ಎಂಬುದು ಅವರ ಮುಂದಿನ ಸಂಶೋಧನೆಯಿಂದ ತಿಳಿಯಿತು. ಶತ್ರು ಎಲ್ಲಿ ಅಡುಗೆ ಮಾಡಿಕೊಳ್ಳುತ್ತಾನೆಂದು ಗೊತ್ತಾದರೆ ಒಲೆ ಆರಿಸುವ ದಾರಿ ಹುಡುಕಬಹುದು.

ಅವರ ಇನ್ನೊಂದು ಕೆಲಸ ನಮ್ಮ ಹಿತ್ತಲಿಗೇ ಬರುತ್ತದೆ. ಅರಿಸಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಪದಾರ್ಥವನ್ನು ಆರ್ಟೆಮಿಸಿನಿನ್ ಬಳಗದ ಮಲೇರಿಯಾ ಔಷಧದೊಡನೆ ಕೂಡಿಸಿ ಕೊಟ್ಟರೆ ರೋಗ ಮರುಕಳಿಸದಂತೆ ತಡೆಯಬಹುದೆಂದು ಇಲಿಗಳ ಮೇಲೆ ಪ್ರಯೋಗಿಸಿ ತೋರಿಸಿದರು. ಇದನ್ನು ಓದಿ ಯಾರೂ ಜ್ವರ ಬಂದಾಗ ಮಾತ್ರೆ ಬಿಟ್ಟು ಅರಿಸಿನದ ಹಾಲು ಕುಡಿಯುತ್ತ ಕೂರಬಾರದು. ಪ್ರಯೋಗ ಇಲಿಯ ಮೇಲೆ, ಅದೂ ಔಷಧದ ಜೊತೆಗೆ.

ಇನ್ನು ಆ ವರ್ಷ ಕೃಷಿ ವಿಭಾಗದಲ್ಲಿ ವಿಜ್ಞಾನ ಶ್ರೀ ಪಡೆದವರು ಸಿ. ಆನಂದರಾಮಕೃಷ್ಣನ್. ಪುರಸ್ಕಾರ ಬರುವಾಗ ತಿರುವನಂತಪುರದ ಸಂಸ್ಥೆಯೊಂದರ ನಿರ್ದೇಶಕರು. ಅದಕ್ಕೆ ಮುಂಚೆ ಬಹಳ ವರ್ಷ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ನಮ್ಮ ಬಾಯಲ್ಲಿ ಸಿ.ಎಫ್.ಟಿ.ಆರ್.ಐ.ಯಲ್ಲಿ, ಕೆಲಸ ಮಾಡಿದವರು. ಆಹಾರವನ್ನು ಒಣಗಿಸುವ, ಪುಡಿ ಮಾಡುವ, ಹೊಟ್ಟೆಯಲ್ಲಿ ಅದು ಹೇಗೆ ಕರಗುತ್ತದೆಂದು ಯಂತ್ರದಲ್ಲಿ ನೋಡುವ ವಿದ್ಯೆ ಇವರದು. ಅಡಿಕೆ ಮರವನ್ನು ಮುಟ್ಟಿದರೋ ಇಲ್ಲವೋ, ಕಾಫಿಯನ್ನಂತೂ ಮುಟ್ಟಿದ್ದಾರೆ.

ದಿಢೀರ್ ಕಾಫಿಪುಡಿ ಮಾಡಲು ಎರಡು ವಿಧಾನ ರೂಢಿಯಲ್ಲಿವೆ. ಡಿಕಾಕ್ಷನ್ನನ್ನು ಎತ್ತರದ ಗೋಪುರದಲ್ಲಿ ಬಿಸಿಗಾಳಿಗೆ ತುಂತುರಾಗಿ ಸಿಂಪಡಿಸಿದರೆ ಕ್ಷಣದಲ್ಲಿ ನೀರು ಆರಿ ಪುಡಿ ಬೀಳುತ್ತದೆ. ಖರ್ಚು ಕಡಿಮೆ, ಆದರೆ ನೀರಿನೊಂದಿಗೆ ಪರಿಮಳವೂ ಹಾರಿಹೋಗುತ್ತದೆ. ಇನ್ನೊಂದು, ಡಿಕಾಕ್ಷನ್ನನ್ನು ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಪೆಟ್ಟಿಗೆಯಲ್ಲಿಟ್ಟು, ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುವಂತೆ ಮಾಡುವುದು. ಪರಿಮಳ ಹೆಚ್ಚು ಉಳಿಯುತ್ತದೆ, ಆದರೆ ಗಂಟೆಗಟ್ಟಲೆ ಹೊತ್ತು, ವಿದ್ಯುತ್ ವೆಚ್ಚವೂ ಹೆಚ್ಚು. ಆನಂದರಾಮಕೃಷ್ಣನ್ ಮತ್ತು ಅವರ ಸಹೋದ್ಯೋಗಿ ಮೈಸೂರಿನಲ್ಲಿ ಈ ಎರಡನ್ನೂ ಕೂಡಿಸಿ ನೋಡಿದರು. ಡಿಕಾಕ್ಷನ್ನನ್ನು ಬಿಸಿಗೆ ಬದಲು ಕಡುಶೀತಕ್ಕೆ ಸಿಂಪಡಿಸುವುದು. ಹನಿಗಳು ಹನಿಗಳಾಗಿಯೇ ಗಡ್ಡೆ ಕಟ್ಟುತ್ತವೆ. ಆಮೇಲೆ ಆ ಸಣ್ಣ ಮಣಿಗಳಿಂದ ಗಾಳಿ ತೆಗೆದ ಪೆಟ್ಟಿಗೆಯಲ್ಲಿ ನೀರನ್ನು ತೆಗೆಯುವುದು. 2015ರಲ್ಲಿ ಪ್ರಕಟವಾದ ಅವರ ಲೇಖನದಂತೆ, ಹೀಗೆ ಮಾಡಿದ ಪುಡಿಯಲ್ಲಿ ಬೇಗ ಹಾರಿಹೋಗುವ ಪರಿಮಳದ ಅಂಶಗಳು ಮಿಕ್ಕೆರಡು ವಿಧಾನಗಳಿಗಿಂತ ಹೆಚ್ಚಾಗಿ ಉಳಿದವು. ಪುರಸ್ಕಾರ ಇದೊಂದಕ್ಕೇ ಬಂದದ್ದಲ್ಲ. ಆದರೂ ಹಣ್ಣು ಆರಿಸಿ ಕೊಯ್ದು, ಪಲ್ಪ್ ಮಾಡಿ, ಕಣದಲ್ಲಿ ಹದವಾಗಿ ಒಣಗಿಸಿ ನಾವು ಉಳಿಸಿಕೊಟ್ಟ ಪರಿಮಳವನ್ನು ಕಾರ್ಖಾನೆ ಗಾಳಿಗೆ ಬಿಡುವುದನ್ನು ತಪ್ಪಿಸಲು ಒಬ್ಬರು ತಲೆ ಕೆಡಿಸಿಕೊಂಡರಲ್ಲ, ಅದು ನಮಗೆ ಹಿತವೆನಿಸಿತು.

ಅದೇ ಪಟ್ಟಿಯ ಯುವ ವಿಭಾಗದಲ್ಲಿ ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಇದ್ದಾರೆ. ಹಿಂದೂ ಮಹಾಸಾಗರ ಬಿಸಿಯಾಗುತ್ತಿರುವುದಕ್ಕೂ ನಮ್ಮ ಮಳೆಗೂ ಇರುವ ನಂಟನ್ನು ಹುಡುಕುವವರು. 1950ರಿಂದ 2015ರವರೆಗಿನ ಲೆಕ್ಕ ತೆಗೆದು, ಮಧ್ಯಭಾರತದಲ್ಲಿ ವಿಸ್ತಾರವಾಗಿ ಸುರಿಯುವ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟು ಹೆಚ್ಚಿದವೆಂದೂ, ಅದಕ್ಕೆ ಅರಬ್ಬೀ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿಯ ಏರಿಳಿತ ಕಾರಣವೆಂದೂ 2017ರಲ್ಲಿ ಇವರ ತಂಡ ಬರೆಯಿತು. ಹೂಮಳೆ ಬಂದು ಬ್ಯಾಕಿಂಗ್ ಮಳೆ ಕೈಕೊಡುವುದು, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಳ್ಳುವುದು ಇವುಗಳಿಂದ ಬೇಸತ್ತಿರುವ ನಮಗೆ ಈ ವಿದ್ಯೆ ದೂರದ್ದಲ್ಲ.

ಇಷ್ಟನ್ನು ಒಪ್ಪಿಯೂ ನಮಗೆ ಒಂದು ಮಾತು ಹೇಳಲೇಬೇಕಾಗಿದೆ. 45 ವರ್ಷದ ಗಡಿ ಎಂಬುದು ಮರಬೆಳೆಯ ವಿಜ್ಞಾನಿಗೆ ಬಲು ಬಿಗಿ. ಭತ್ತದವರು ವರ್ಷಕ್ಕೆ ಎರಡು ಬೆಳೆ ನೋಡುತ್ತಾರೆ. ಕಾಫಿ ತಳಿ ಮಾಡುವವರು ಒಂದು ಹೂವಿಗೆ ಇನ್ನೊಂದರ ಪರಾಗ ಮುಟ್ಟಿಸಿದರೆ, ಆ ಬೀಜ ಗಿಡವಾಗಿ ಮೊದಲ ಫಸಲು ಕೊಡಲು ಮೂರು ನಾಲ್ಕು ವರ್ಷ. ಗಿಡದ ನಿಜವಾದ ಗುಣ ತಿಳಿಯಲು ಮತ್ತೆ ಕೆಲವು ಫಸಲು. ಅದರ ಬೀಜದಿಂದ ಮುಂದಿನ ಪೀಳಿಗೆ, ಮತ್ತೆ ಅಷ್ಟೇ ಕಾಲ. ಅಡಿಕೆಯಲ್ಲಿ ಇನ್ನೂ ನಿಧಾನ. ಇಪ್ಪತ್ತೆಂಟನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದ ತರುಣ ವಿಜ್ಞಾನಿ 45 ತಲಪುವಾಗ ಎರಡು ಪೀಳಿಗೆ ಕಂಡಿದ್ದರೆ ದೊಡ್ಡದು.

ಬಾಳೆಹೊನ್ನೂರಿನ ಕೇಂದ್ರ 1925ರಲ್ಲಿ ಆರಂಭವಾಯಿತು. ಅಲ್ಲಿ ಆರ್.ಎಲ್. ನರಸಿಂಹಸ್ವಾಮಿಯವರು ಎಸ್.288 ಮತ್ತು ಕೆಂಟ್ ತಳಿಗಳನ್ನು ಕೂಡಿಸಿ ರೂಪಿಸಿದ ಎಸ್.795 ನಮ್ಮ ಕೈಗೆ ಬಂದದ್ದು 1940ರ ದಶಕದಲ್ಲಿ. ಎಲೆ ತುಕ್ಕುರೋಗದಿಂದ ಅರೇಬಿಕಾ ಕೈಬಿಟ್ಟು ಹೋಗುವುದೆಂಬ ಭಯವಿದ್ದ ದಿನಗಳಲ್ಲಿ ಅದು ತೋಟಗಳನ್ನು ಹಿಡಿದು ನಿಲ್ಲಿಸಿತು. ತುಕ್ಕು ತಡೆಯುವ ಶಕ್ತಿ ಮುಂದೆ ಕುಂದಿದರೂ, ಎಂಟು ದಶಕದ ಮೇಲೆ ಇಂದಿಗೂ ಅದರ ಕಪ್ಪಿಗೆ ಬೆಲೆ ಇದೆ, ನಮ್ಮಲ್ಲಿ ಅನೇಕರ ತೋಟದಲ್ಲಿ ಗಿಡವೂ ಇದೆ. ವಿಟ್ಲದಿಂದ 1972ರಲ್ಲಿ ಬಂದ ಚೀನಾ ಮೂಲದ ಮಂಗಳ ಅಡಿಕೆಯ ಮಾತೂ ಹಾಗೆಯೆ, ಅದರ ಹಿಂದೆ ವರ್ಷಗಟ್ಟಲೆ ಕಾದವರಿದ್ದರು. ಇನ್ನೂ ಹಿಂದಕ್ಕೆ ಹೋದರೆ, 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್. ಕೊನೆಗಳಿಗೆ ಕೊಟ್ಟೆ ಕಟ್ಟಿ ದೇವರ ಮೇಲೆ ಭಾರ ಹಾಕುತ್ತಿದ್ದ ಕಾಲದಲ್ಲಿ, ಮಳೆಯಲ್ಲಿ ನೆನೆಯುತ್ತ ಮಲೆನಾಡಿನ ತೋಟಗಳಲ್ಲಿ ತಿರುಗಿ, ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಯುವುದನ್ನು ಕಲಿಸಿದವರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಂದು ನಮ್ಮ ಮಕ್ಕಳಿಗೂ ಬಾಯಿಪಾಠ. ಆಗ ಇಂಥ ರಾಷ್ಟ್ರೀಯ ಪದಕ ಇರಲಿಲ್ಲ.

ಈ ಕಾರಣದಿಂದ ನಮಗೆ ಹೆಚ್ಚು ಆಸೆ ಹುಟ್ಟಿಸಿದ್ದು ತಂಡದ ಪದಕ. 2025ರ ಪಟ್ಟಿಯಲ್ಲಿ ವಿಜ್ಞಾನ ರತ್ನ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಅವರಿಗೆ ಮರಣೋತ್ತರವಾಗಿ ಸಂದಿತು. ತಂಡದ ಪದಕ ಆಕಾಶದಿಂದ ನೆಲಕ್ಕಿಳಿದು, ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಅರೋಮಾ ಮಿಷನ್ನಿಗೆ ಹೋಯಿತು. ಪರಿಮಳದ ಬೆಳೆಗಳನ್ನು ರೈತರ ಹೊಲಕ್ಕೆ ಒಯ್ಯುವ ಕಾರ್ಯಕ್ರಮ ಅದು. ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾಹ ಪ್ರದೇಶದಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದ ಸಣ್ಣ ರೈತರು ಲ್ಯಾವೆಂಡರ್ ಹಾಕಿ, ಸ್ಥಳದಲ್ಲಿಯೇ ಎಣ್ಣೆ ಇಳಿಸುವ ಭಟ್ಟಿಗಳನ್ನು ನಡೆಸುತ್ತಿದ್ದಾರೆ. ಸಸಿ ಕೊಟ್ಟವರು, ಭಟ್ಟಿ ಹೂಡಿಸಿದವರು, ಮಾರುಕಟ್ಟೆ ತೋರಿಸಿದವರು ಎಲ್ಲರೂ ಒಂದೇ ತಂಡವೆಂದು ಎಣಿಸಿದ್ದು ನಮಗೆ ಸರಿಯಾಗಿ ಕಂಡಿತು. ಮರಬೆಳೆಯ ಕೆಲಸವೂ ಇದೇ ರೀತಿಯದು. ಒಬ್ಬರು ನೆಟ್ಟದ್ದನ್ನು ಇನ್ನೊಬ್ಬರು ಅಳೆಯುತ್ತಾರೆ.

ಇನ್ನು ಯಾರು ಅರ್ಹರು ಎಂಬ ಪ್ರಶ್ನೆ. 2023ರ ಪ್ರಕಟಣೆಯಲ್ಲಿ ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳ ವಿಜ್ಞಾನಿಗಳೊಡನೆ, ಯಾವ ಸಂಸ್ಥೆಗೂ ಸೇರದೆ ಕೆಲಸ ಮಾಡುವ ವ್ಯಕ್ತಿಗಳೂ ಅರ್ಹರು ಎಂದಿದೆ. ಈ ಸಾಲನ್ನು ನಾವು ಎರಡು ಸಲ ಓದಿದೆವು. ಮರ ಹತ್ತುವ ಯಂತ್ರ, ಕೆಳಗೆ ನಿಂತೇ ಕೊನೆ ತೆಗೆಯುವ ದೋಟಿ, ಸುಲಿಯುವ ಯಂತ್ರ ಇವುಗಳನ್ನು ತಿದ್ದಿ ತೀಡಿ ಹದಕ್ಕೆ ತಂದವರಲ್ಲಿ ಅನೇಕರು ತೋಟದವರೇ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು, ತೋಡಿದ ಹಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡದೆ ಮತ್ತೆ ತೋಡಿ, ಬೋಳುಗುಡ್ಡದಲ್ಲಿ ಅಡಿಕೆ ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಅದು ನಾಗರಿಕ ಪ್ರಶಸ್ತಿ, ಇದು ವಿಜ್ಞಾನದ್ದು, ಅಳತೆ ಬೇರೆ. ವಿಜ್ಞಾನ ಪುರಸ್ಕಾರಕ್ಕೆ ಹೋಗುವವರು ತಮ್ಮ ಕೆಲಸವನ್ನು ಲೆಕ್ಕ, ತಾರೀಕು, ಹೋಲಿಕೆಗಳ ಸಮೇತ ತೋರಿಸಬೇಕಾಗುತ್ತದೆ.

ಆಯ್ಕೆಯ ಕುರಿತು ಅಪಸ್ವರ ಬಂದಿಲ್ಲವೆಂದಲ್ಲ. 2024ರ ಪಟ್ಟಿ ಬಂದ ಮೇಲೆ, ಹಿಂದೆ ಭಟ್ನಾಗರ್ ಪ್ರಶಸ್ತಿ ಪಡೆದ ಹಲವರು ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಿಗೆ ಪತ್ರ ಬರೆದು, ತಜ್ಞರ ಸಮಿತಿ ಆರಿಸಿದ ಹೆಸರುಗಳೇ ಕೊನೆಯ ಪಟ್ಟಿಗೆ ಬರುತ್ತವೆಯೆ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಮ್ಮ ಅಡಿಕೆಯ ದರ್ಜೆಯನ್ನು ಮಂಡಿಯಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ ನಿರ್ಧರಿಸುತ್ತಿದ್ದ ಕಾಲವನ್ನು ಕಂಡವರಿಗೆ, ಬಹಿರಂಗ ಹರಾಜಿನ ಬೆಲೆ ಏನೆಂದು ಗೊತ್ತು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಹಳದಿ ಎಲೆ ರೋಗಕ್ಕೆ ಪದಕ ಪಡೆದವರು ಪಟ್ಟಿಯಲ್ಲಿಲ್ಲ. ಏಕೆಂದರೆ ಅದಕ್ಕೆ ಮದ್ದು ಸಿಕ್ಕಿಲ್ಲ. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ ಅದರ ಕಾರಣ ಎಂಬಲ್ಲಿಯವರೆಗೆ ತಿಳಿದಿದೆ. ಉಳಿದಿರುವ ದಾರಿ, ರೋಗದ ನಡುವೆಯೂ ಹಸಿರಾಗಿ ನಿಂತ ಮರಗಳನ್ನು ಗುರುತಿಸಿ ಅವುಗಳಿಂದ ತಾಳಿಕೆಯ ತಳಿ ಮಾಡುವುದು. ವಿಜ್ಞಾನಿಗಳು ಆ ಪ್ರಯತ್ನದಲ್ಲಿದ್ದಾರೆ, ಆದರೆ ಅಂಥ ಮರ ಇರುವುದು ಅವರ ಪ್ರಯೋಗಾಲಯದಲ್ಲಲ್ಲ, ನಮ್ಮ ತೋಟಗಳಲ್ಲಿ. ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಪ್ರಶ್ನೆ ಕೇಳಿದ ಆ ಹಿರಿಯರ ತೋಟದ ಮೇಲಿನ ಬಣದಲ್ಲಿ, ಸುತ್ತಲಿನ ಮರಗಳೆಲ್ಲ ಹಳದಿಯಾಗಿ ಸುಳಿ ಸಣ್ಣದಾದರೂ ಹನ್ನೆರಡು ವರ್ಷ ನಾಲ್ಕು ಕೊನೆ ಬಿಡುತ್ತಿದ್ದ ಮರವೊಂದಿತ್ತು. ಅವರು ಎರಡು ಮಹಾಸಭೆಗಳಲ್ಲಿ ಅದರ ಮಾತೆತ್ತಿದ್ದರು. ನಾವು ನಡಾವಳಿಯಲ್ಲಿ ಒಂದು ಸಾಲು ಬರೆದು ಸುಮ್ಮನಾದೆವು. ಮೂರು ವರ್ಷದ ಹಿಂದಿನ ಆಷಾಢದ ಗಾಳಿಗೆ ಅದು ಮುರಿದು ಬಿತ್ತು. ಒಂದು ಗೋಟನ್ನೂ ಬಿತ್ತನೆಗೆ ಎತ್ತಿಟ್ಟಿರಲಿಲ್ಲ.

ಆದುದರಿಂದ ಆಡಳಿತ ಮಂಡಳಿ ಈ ಸಲ ಒಂದು ಪುಸ್ತಕ ತೆರೆದಿದೆ. ಹಳದಿ ರೋಗವಿರುವ ತೋಟದಲ್ಲಿ ಕನಿಷ್ಠ ಐದು ವರ್ಷದಿಂದ ಆರೋಗ್ಯವಾಗಿ ನಿಂತಿರುವ ಅಡಿಕೆ ಮರ, ಸುತ್ತಲಿನ ಗಿಡಗಳೆಲ್ಲ ಕಾಂಡಕೊರಕಕ್ಕೆ ಹೋದರೂ ಉಳಿದ ಅರೇಬಿಕಾ ಗಿಡ, ಇವು ಯಾರ ತೋಟದಲ್ಲಿದ್ದರೂ ಕಚೇರಿಗೆ ತಿಳಿಸಿರಿ. ಮರಕ್ಕೆ ಬಿಳಿ ಬಣ್ಣದ ಪಟ್ಟಿ ಬಳಿದು ಸಂಖ್ಯೆ ಹಾಕಿಸುತ್ತೇವೆ. ವರ್ಷಕ್ಕೆ ಎಷ್ಟು ಕೊನೆ, ಹಸಿ ಅಡಿಕೆ ಎಷ್ಟು ತೂಕ, ಸೋಗೆಯ ಬಣ್ಣ ಹೇಗಿದೆ ಎಂಬುದನ್ನು ಬರೆದುಕೊಳ್ಳಲು ಕಾರ್ಡು ಕೊಡುತ್ತೇವೆ. ಪಟ್ಟಿ ಸಿದ್ಧವಾದ ಮೇಲೆ ಸಂಶೋಧನಾ ಕೇಂದ್ರಗಳಿಗೆ ಕಳುಹಿಸುತ್ತೇವೆ. ಕಾರ್ಡುಗಳು ಗೊಬ್ಬರದ ಕೌಂಟರಿನಲ್ಲಿ ಸಿಗುತ್ತವೆ. ಮೊದಲ ಕಾರ್ಡನ್ನು ಆ ಹಿರಿಯರೇ ಒಯ್ದಿದ್ದಾರೆ. ಕೆಳಗಿನ ಬಣದಲ್ಲಿ ಇನ್ನೂ ಒಂದು ಮರ ಇದೆಯಂತೆ.